ಮೂರು ನಿಮಿಷದ ಪಾಠ

ಹನ್ನೆರಡನೇ ನಂಬರಿನ ಕೋಣೆಯ ಬಾಗಿಲ ಮೇಲೆ ಕೋಚ್ ಬ್ರಾಡಿ ಕೆಸ್ಲರ್ ಎಂಬ ಹೆಸರಿತ್ತು. ಅದರ ಕೆಳಗೆ ‘ಅಮೆರಿಕದ ಇತಿಹಾಸ’ ಎಂದು ಬರೆದಿತ್ತು. ಒಳಗೆ ಆರು ವರ್ಷದಿಂದ ಪಾಠ ಹೇಳುತ್ತಿದ್ದವಳು ಮಾತ್ರ ವರ್ಲೀನ್ ಟಾಲಿವರ್.

ಕಾಗದದಲ್ಲಿ ವರ್ಲೀನ್ ಬರೀ ಸಹಾಯಕಿ. ಹಾಜರಿ ಹಾಕುವುದು, ಪುಸ್ತಕ ಹಂಚುವುದು, ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳುವುದು ಅವಳ ಕೆಲಸ. ಸಂಬಳವೂ ಅಷ್ಟಕ್ಕೇ. ಮೇಷ್ಟ್ರ ಸಂಬಳ ಕೋಚ್‌ಗೆ ಹೋಗುತ್ತಿತ್ತು. ಹತ್ತಿ ಬೆಳೆಯುವ ಈ ಡೆಲ್ಟಾ ಸೀಮೆಯಲ್ಲಿ ಇದೇನೂ ಹೊಸದಲ್ಲ. ಫುಟ್‌ಬಾಲ್ ಗೆಲ್ಲಬೇಕಾದರೆ ಒಳ್ಳೆಯ ಕೋಚ್ ಬೇಕು, ಅವನಿಗೊಂದು ಮೇಷ್ಟ್ರ ಹುದ್ದೆ ತೋರಿಸಬೇಕು. ಗಣಿತ ಕೊಟ್ಟರೆ ಒಂದೇ ವಾರದಲ್ಲಿ ಬಣ್ಣ ಬಯಲಾಗುತ್ತದೆ. ಅದಕ್ಕೇ ಇತಿಹಾಸ ಕೊಡುತ್ತಾರೆ. ಸತ್ತವರು ಎದ್ದು ಬಂದು ನೀನು ಹೇಳಿದ್ದು ತಪ್ಪು ಅನ್ನುವುದಿಲ್ಲವಲ್ಲ.

“ಮಿಸ್ ವರ್ಲೀನ್, ಇವತ್ತೊಂದಿನ ನೀವೇ ನೋಡ್ಕೊಳ್ಳಿ. ಶುಕ್ರವಾರ ಮ್ಯಾಚಿದೆ,” ಎಂದು ಕೋಚ್ ಹಿಂದಿನ ಮೇಜಿಗೆ ಹೋಗಿ ಕೂರುತ್ತಿದ್ದ. ಆಟದಲ್ಲಿ ಯಾರು ಎತ್ತ ಓಡಬೇಕೆಂದು ಕಾಗದದ ಮೇಲೆ ಸೊನ್ನೆ, ಗೆರೆ, ಬಾಣ ಎಳೆಯುತ್ತಿದ್ದ. ಆ ‘ಒಂದಿನ’ ಆರು ವರ್ಷವಾಗಿತ್ತು.

ದಿನಕ್ಕೆ ಐದು ತರಗತಿ. ನಿಂತು ನಿಂತು ವರ್ಲೀನಳ ಬಲ ಮೊಣಕಾಲು ಊದಿಕೊಳ್ಳುತ್ತಿತ್ತು. ಶನಿವಾರ ಊರಾಚೆಯ ಮೀನಿನ ಕಾರ್ಖಾನೆಯಲ್ಲಿ ತಲೆ ಕತ್ತರಿಸುವ ಕೆಲಸ. ಭಾನುವಾರ ಚರ್ಚಿಗೆ ಹೋಗುವ ಮುಂಚೆ ಕೈಗೆ ನಿಂಬೆಹೋಳು ಉಜ್ಜಿಕೊಳ್ಳುತ್ತಿದ್ದಳು. ಆದರೂ ಸೋಮವಾರ ಸೀಮೆಸುಣ್ಣ ಹಿಡಿದಾಗ ಬೆರಳಿನ ಮೀನುವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಅವಳಿಗೆ ಓದು ಇರಲಿಲ್ಲವೆಂದಲ್ಲ. ಇತಿಹಾಸದಲ್ಲೇ ಡಿಗ್ರಿ ಮಾಡಿದ್ದಳು. ಮೇಷ್ಟ್ರ ಲೈಸೆನ್ಸಿಗೆ ಒಂದೇ ಕಾಗದ ಬಾಕಿ ಇತ್ತು. ಎರಡು ವರ್ಷ ತಾನೊಬ್ಬಳೇ ಪಾಠ ಮಾಡಿದ್ದಾಳೆ ಎಂದು ಶಾಲೆಯವರು ಬರೆದುಕೊಡಬೇಕಿತ್ತು. ಪ್ರತಿ ಆಗಸ್ಟಿನಲ್ಲೂ ಅವಳು ಪ್ರಿನ್ಸಿಪಾಲ್ ಲ್ಯಾಂಬರ್ಟನ ಮುಂದೆ ನಿಲ್ಲುತ್ತಿದ್ದಳು. “ಈ ವರ್ಷ ಖಂಡಿತ ಬರೆದ್ಕೊಡ್ತೀನಿ ಕಣಮ್ಮ. ನೀವಿಲ್ದೆ ಈ ಶಾಲೆ ನಡೆಯತ್ತಾ?” ಎಂದು ಅವನು ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದ. ಬರೆದುಕೊಟ್ಟರೆ ಕೋಚ್ ಆರು ವರ್ಷ ಏನು ಕಡಿದ ಎಂಬ ಪ್ರಶ್ನೆ ಬರುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ಪಾಠ ನಾನೂರ ಹನ್ನೆರಡನೇ ಪುಟಕ್ಕೆ ಬಂತು. ಅಲ್ಲಿ ಒಂದೇ ಒಂದು ಸಾಲಿತ್ತು: ‘ಡೆಲ್ಟಾದ ಕೆಲವೆಡೆ ಹೊಲದ ಕೂಲಿಗಳಲ್ಲಿ ಅಶಾಂತಿ ತಲೆದೋರಿ, ಬೇಗನೆ ಶಮನವಾಯಿತು.’

“ಗಟ್ಟಿಯಾಗಿ ಓದು. ಹಿಂದಿನವ್ರಿಗೂ ಕೇಳ್ಬೇಕು,” ಎಂದಳು ವರ್ಲೀನ್. ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ಓದುತ್ತಿದ್ದ ಟ್ರಿನೀಸ್ ಗ್ಯಾಡಿ ಎಂಬ ಹುಡುಗಿ ಮತ್ತೊಮ್ಮೆ ಗಟ್ಟಿಯಾಗಿ ಓದಿ ತಲೆ ಎತ್ತಿದಳು. “ಅಶಾಂತಿ ಅಂದ್ರೆ ಏನಾಯ್ತು ಮಿಸ್? ಹೊಟ್ಟೆನೋವು ಬಂತಾ ಎಲ್ರಿಗೂ?”

ಮಕ್ಕಳು ಗೊಳ್ಳೆಂದರು. ವರ್ಲೀನ್ ನಗಲಿಲ್ಲ. ಪುಸ್ತಕ ಮುಚ್ಚಿಟ್ಟಳು.

“ನಿಮ್ಮನೆಗಳಲ್ಲಿ ಹಳೇ ಬೈಬಲ್ ಇರತ್ತಲ್ಲ, ಅದರ ಮೊದಲ್ನೇ ಹಾಳೇಲಿ ಹುಟ್ಟು, ಮದುವೆ, ಸಾವು ಬರೆದಿರ್ತಾರೆ. ಸಾವ್ರದ ಒಂಬೈನೂರ ಇಪ್ಪತ್ತರ ಆಸುಪಾಸು ಯಾರ್ಯಾರು ಸತ್ರು ನೋಡ್ಕೊಂಡು ಬನ್ನಿ. ಫೋಟೋ ತಂದ್ರೆ ಸಾಕು. ಬೈಬಲ್ ಹೊತ್ಕೊಂಡು ಬಂದ್ರೆ ನಿಮ್ಮಜ್ಜಿಯರು ನನ್ನ ಚರ್ಮ ಸುಲೀತಾರೆ.”

ಮರುದಿನ ಏಳು ಫೋಟೋ ಬಂದವು. ಬೇರೆ ಬೇರೆ ಮನೆ, ಬೇರೆ ಬೇರೆ ಅಕ್ಷರ, ಕೆಲವದರಲ್ಲಿ ಎರಡೆರಡು ಹೆಸರು. ತಾರೀಖು ಒಂದೇ. ಸೆಪ್ಟೆಂಬರ್ ಒಂಬತ್ತು, ಸಾವಿರದ ಒಂಬೈನೂರ ಇಪ್ಪತ್ತೊಂದು.

ಟ್ರಿನೀಸಳ ಫೋಟೋದಲ್ಲಿ ‘ಏಮಸ್ ಗ್ಯಾಡಿ, ಚರ್ಚಿನೊಳಗೆ’ ಎಂದಿತ್ತು. ಇನ್ನೊಂದರಲ್ಲಿ ‘ಹೆಣ ಕೊಡಲಿಲ್ಲ’ ಎಂದಿತ್ತು. ವರ್ಲೀನ್ ಒಂದೊಂದೇ ಹೆಸರನ್ನು ಬೋರ್ಡಿನ ಮೇಲೆ ಬರೆದಳು. ಹತ್ತಾಯಿತು. ಹನ್ನೊಂದನೆಯದನ್ನು ಯಾವ ಫೋಟೋವನ್ನೂ ನೋಡದೆ ಬರೆದಳು. ಅದು ಅವಳ ಅಜ್ಜಿಯ ಅಣ್ಣನ ಹೆಸರು. ಅವಳ ಮನೆಯ ಬೈಬಲ್ಲಿನಲ್ಲಿತ್ತು.

ಆಮೇಲೆ ಹೇಳಿದಳು. ಹತ್ತಿ ತೂಗುವ ಕಡೆ ತಮ್ಮವನೊಬ್ಬ ನಿಂತು ತಕ್ಕಡಿ ನೋಡಬೇಕು, ಅಲ್ಲಿಯವರೆಗೆ ಹತ್ತಿ ಬಿಡಿಸುವುದಿಲ್ಲ ಎಂದು ಕಪ್ಪು ಕೂಲಿಗಳು ಚರ್ಚಿನಲ್ಲಿ ಕೂತು ಮಾತಾಡಿದ್ದು. ಬಿಳಿಯ ಜಮೀನ್ದಾರರು ಬಂದೂಕು ಹಿಡಿದು ಬಂದು ಕಿಟಕಿಯಿಂದ ಗುಂಡು ಹಾರಿಸಿದ್ದು. ಹೆಣಗಳನ್ನು ಹೊಲದಲ್ಲೇ ಹೂತು ಮೇಲೆ ನೇಗಿಲು ಹೊಡೆದದ್ದು. ತಕ್ಕಡಿ ನೋಡ್ತೀವಿ ಅಂದದ್ದಕ್ಕೆ ಹನ್ನೊಂದು ಜೀವ.

“ಯಾವ ಹೊಲ ಮಿಸ್?”

“ದಿನಾ ಬಸ್ಸಲ್ಲಿ ಅದರ ಪಕ್ಕದಲ್ಲೇ ಬರ್ತೀರಲ್ಲಪ್ಪ. ಸ್ಟ್ರೌಡ್ ಅವರ ಹೊಲ.”

ಶಾಲಾ ಮಂಡಳಿಯ ಅಧ್ಯಕ್ಷನ ಹೆಸರು ಗಾರ್ಲಂಡ್ ಸ್ಟ್ರೌಡ್. ಇಷ್ಟು ಹೇಳಿದರೆ ಸಾಕು.

ಮೂರನೇ ದಿನ ಪ್ರಿನ್ಸಿಪಾಲ್ ಕರೆಸಿದ. ಕೋಚ್ ಕೂಡ ಅಲ್ಲಿದ್ದ, ಟೋಪಿಯ ಅಂಚು ತಿರುಗಿಸುತ್ತ ಕೂತಿದ್ದ.

“ಏನ್ ಮಾಡ್ಬಿಟ್ರಿ ಮಿಸ್ ವರ್ಲೀನ್? ಮಕ್ಕಳ ಮನಸ್ಸಿಗೆ ಇರಿಸುಮುರಿಸಾಗೋ ಪಾಠ ಮಾಡ್ಬಾರ್ದು ಅಂತ ಕಾನೂನಿದೆ. ಗೊತ್ತಲ್ವಾ?” ಎಂದ ಲ್ಯಾಂಬರ್ಟ್.

“ಯಾವ ಮಗೂಗೆ ಇರಿಸುಮುರಿಸಾಯ್ತು ಸಾರ್?”

“ಮಿಸ್ಟರ್ ಸ್ಟ್ರೌಡ್‌ಗೆ ಆಗಿದೆ.”

“ಅವ್ರಿಗೆ ಎಪ್ಪತ್ತು ವರ್ಷ.”

ಲ್ಯಾಂಬರ್ಟ್ ಒಂದು ಕಾಗದ ಮುಂದೆ ತಳ್ಳಿದ. “ಸಹಿ ಹಾಕಿ. ಸುಮ್ನೆ ಮರ್ಯಾದೆಯಾಗಿ ಕೆಲಸ ಬಿಟ್ಟು ಹೋಗಿ. ಇಲ್ದಿದ್ರೆ ವಿಷಯ ಮೇಲಕ್ಕೆ ಹೋಗತ್ತೆ. ಆಮೇಲೆ ಈ ರಾಜ್ಯದಲ್ಲಿ ಯಾವ ಶಾಲೇಲೂ ಕಸ ಗುಡಿಸೋಕೂ ಕರೆಯಲ್ಲ.”

ವರ್ಲೀನ್ ಓದಿದಳು. ‘ಸಹಾಯಕಿ ವರ್ಲೀನ್ ಟಾಲಿವರ್, ಕಳೆದ ಆರು ವರ್ಷಗಳಿಂದ ಅಮೆರಿಕದ ಇತಿಹಾಸದ ಐದೂ ತರಗತಿಗಳನ್ನು, ಕೋಚ್ ಕೆಸ್ಲರ್ ಅವರ ಯಾವ ಪಾತ್ರವೂ ಇಲ್ಲದೆ, ತಾನೊಬ್ಬಳೇ ನಡೆಸಿಕೊಂಡು ಬಂದಿರುತ್ತಾಳೆ.’ ಕೆಳಗೆ ಪ್ರಿನ್ಸಿಪಾಲನ ಸಹಿ, ಶಾಲೆಯ ಮೊಹರು.

ಅವಳ ಮೈ ಉರಿದುಹೋಯಿತು. ಪ್ರತಿ ಆಗಸ್ಟಿನಲ್ಲೂ ಬಾಗಿಲಲ್ಲಿ ನಿಂತು ಬೇಡಿದ್ದ ಕಾಗದ ಇದೇ. ಹೊಟ್ಟೆಪಾಡಿಗೆ ಬೇಕೆಂದಾಗ ಬರೆಯದ ಕೈ, ತಪ್ಪು ತಲೆಗೆ ಕಟ್ಟಬೇಕೆಂದಾಗ ಒಂದೇ ಬೆಳಿಗ್ಗೆ ಬರೆದು ಮೊಹರು ಹೊಡೆದಿತ್ತು. ಕೋಚ್‌ನನ್ನು ಉಳಿಸುವ ಆತುರದಲ್ಲಿ ತಾನೇನು ಬರೆದಿದ್ದೇನೆ ಎಂಬುದು ಆ ಮನುಷ್ಯನಿಗೆ ಹೊಳೆದಿರಲಿಲ್ಲ.

“ಕೋಚ್, ಇದ್ರಲ್ಲಿ ಬರೆದಿರೋದು ನಿಜಾನಾ?” ಎಂದು ಕೇಳಿದಳು.

ಕೋಚ್ ಟೋಪಿ ನೋಡಿದ. “ನಿಜ. ನಂಗೇನೂ ಗೊತ್ತಿಲ್ಲ. ಎಲ್ಲಾ ಇವರೇ.”

“ಹಾಗಾದ್ರೆ ನಂಗೊಂದು ಪ್ರತಿ ಕೊಡಿ ಸಾರ್. ಓದಿ, ಯೋಚನೆ ಮಾಡಿ ಹೇಳ್ತೀನಿ.”

ಸದ್ಯ ಅಳಲಿಲ್ಲವಲ್ಲ ಎಂಬ ಖುಷಿಗೆ ಲ್ಯಾಂಬರ್ಟ್ ತಾನೇ ಎದ್ದು ಪ್ರತಿ ತೆಗೆದುಕೊಟ್ಟ. ಅವಳು ಸಹಿ ಹಾಕಲಿಲ್ಲ.

ಮಂಡಳಿಯ ಸಭೆಯ ವಿಷಯಪಟ್ಟಿಯನ್ನು ಶಾಲೆಯ ಬಾಗಿಲಿಗೆ ಅಂಟಿಸುವುದು ವಾಡಿಕೆ. ಒಂಬತ್ತನೆಯ ವಿಷಯ: ‘ಸಹಾಯಕಿ ಟಾಲಿವರ್ ವಜಾ.’ ಚರ್ಚೆಗೆ ಮುಂಚೆಯೇ ತೀರ್ಮಾನ ಅಚ್ಚಾಗಿತ್ತು. ಮಕ್ಕಳು ಅದನ್ನು ಓದಿದರು. ಯಾರೂ ಅವಳಿಗೆ ಏನೂ ಹೇಳಲಿಲ್ಲ.

ಮಂಗಳವಾರ ಸಂಜೆ ಆರಕ್ಕೆ ಸಭೆ. ಮೊದಲು ಊರಿನವರ ಮಾತು. ಯಾರು ಬೇಕಾದರೂ ಐದು ಗಂಟೆಯೊಳಗೆ ಹೆಸರು ಕೊಟ್ಟು ತಲಾ ಮೂರು ನಿಮಿಷ ಮಾತಾಡಬಹುದು. ಗುಮಾಸ್ತೆಯ ಮುಂದೆ ಅಡುಗೆಮನೆಯ ಟೈಮರ್ ಒಂದಿರುತ್ತದೆ. ಅದು ಕಿರುಚಿದರೆ ಮೈಕು ಬಂದ್.

ವರ್ಲೀನಳ ಹೆಸರನ್ನು ಮೊದಲು ಕರೆದರು. ಅವಳು ಕಾಗದ ಬಿಡಿಸಿ ಪ್ರಿನ್ಸಿಪಾಲ್ ಬರೆದ ಸಾಲನ್ನು ಓದಿದಳು. ಸಹಿಯನ್ನೂ ಓದಿದಳು.

“ಇದು ಸುಳ್ಳಲ್ಲ, ನಿಜ. ಆರು ವರ್ಷ ನಾನೇ ಮೇಷ್ಟ್ರು. ನನ್ನ ಸಂಬಳ ತಿಂದೋರು ಇಲ್ಲೇ ಕೂತಿದಾರೆ. ಲೈಸೆನ್ಸ್ ಆಫೀಸಿಗೆ ಈ ಕಾಗದ ನಿನ್ನೆಯೇ ಕಳಿಸಿದೀನಿ. ಬರೆದ್ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸಾರ್.”

ಸ್ಟ್ರೌಡ್ ಲ್ಯಾಂಬರ್ಟನ ಕಡೆ ತಿರುಗಿದ ರೀತಿ ನೋಡಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಇನ್ನು ಪಾಠದ ವಿಷಯ. ಸಾವ್ರದ ಒಂಬೈನೂರ ಇಪ್ಪತ್ತೊಂದು, ಸೆಪ್ಟೆಂಬರ್ ಒಂಬತ್ತು, ಶುಕ್ರವಾರ. ನಲವತ್ತು ಜನ ಚರ್ಚಿನಲ್ಲಿ ಕೂತಿದ್ರು. ಅವ್ರು ಕೇಳಿದ್ದು...”

ಟೈಮರ್ ಕಿರುಚಿತು. ಮೈಕು ಸತ್ತಿತು.

“ಆಯ್ತಮ್ಮ, ಕೂತ್ಕೋ. ನಿಯಮ ಅಂದ್ರೆ ನಿಯಮ,” ಎಂದ ಸ್ಟ್ರೌಡ್.

ವರ್ಲೀನ್ ನೋಯುವ ಕಾಲೆಳೆದುಕೊಂಡು ಹಿಂದೆ ಹೋಗಿ ಗೋಡೆಗೆ ಒರಗಿ ನಿಂತಳು. ಕೆಲಸ ಹೋಯಿತು ಎಂಬುದು ಖಾತ್ರಿಯಾಗಿತ್ತು. ಅದಕ್ಕಿಂತ, ಆ ಹನ್ನೊಂದು ಜನರನ್ನು ಬಾಗಿಲವರೆಗೆ ಕರೆತಂದು ಒಳಗೆ ಬಿಡಲಾಗಲಿಲ್ಲವಲ್ಲ ಎಂಬುದೇ ಅವಳನ್ನು ಕೊರೆಯಿತು.

ಗುಮಾಸ್ತೆ ಮುಂದಿನ ಹೆಸರು ಕರೆದಳು. “ಟ್ರಿನೀಸ್ ಗ್ಯಾಡಿ.”

ಹುಡುಗಿ ಮೈಕಿನ ಮುಂದೆ ನಿಂತು ಹಾಳೆಯೊಂದನ್ನು ತೆರೆದಳು. “ಅವ್ರು ಕೇಳಿದ್ದು ಇಷ್ಟೆ. ತೂಕ ಹಾಕುವಾಗ ತಕ್ಕಡಿ ಹತ್ರ ನಮ್ಮೋನೊಬ್ಬ ನಿಂತ್ಕೋಬೇಕು...”

ವರ್ಲೀನ್ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

“ಏ ಹುಡುಗಿ, ಇದೆಲ್ಲ ಪುಸ್ತಕದಲ್ಲಿದ್ಯಾ?” ಸ್ಟ್ರೌಡ್ ಕೋಚ್ ಕಡೆ ತಿರುಗಿದ. “ಕೆಸ್ಲರ್, ಏನಿದೆ ಪುಸ್ತಕದಲ್ಲಿ? ಹೇಳಿ.”

ಕೋಚ್ ಎದ್ದು ನಿಂತ. ಬಾಯಿ ತೆರೆದ. “ಯಾವ ಪುಟ ಅಂದ್ರೆ... ನೋಡಿ ಹೇಳ್ಬೇಕು.”

“ನಾನೂರ ಹನ್ನೆರಡು ಕೋಚ್,” ಎಂದು ಮಕ್ಕಳ ಇಪ್ಪತ್ತು ಗಂಟಲು ಒಟ್ಟಿಗೆ ಕೂಗಿದವು.

ಟೈಮರ್ ಕಿರುಚಿತು. ಟ್ರಿನೀಸ್ ಅರ್ಧ ವಾಕ್ಯಕ್ಕೆ ನಿಲ್ಲಿಸಿ ಪಕ್ಕಕ್ಕೆ ಸರಿದಳು. ಗುಮಾಸ್ತೆ ಡೆಮಾರ್ಕಸ್ ವೀಲ್ ಎಂದು ಕರೆದಳು. ಎತ್ತರದ ಹುಡುಗ, ಕೋಚ್‌ನ ತಂಡದ ಮುಖ್ಯ ಆಟಗಾರ. ಅವನು ಉಳಿದರ್ಧ ವಾಕ್ಯದಿಂದಲೇ ಶುರು ಮಾಡಿದ.

ಸ್ಟ್ರೌಡ್ ಗುಮಾಸ್ತೆಯತ್ತ ಬಾಗಿದ. “ಇನ್ನೆಷ್ಟು ಜನ ಇದಾರೆ?”

ಅವಳು ಪಟ್ಟಿ ತಿರುಗಿಸಿದಳು. “ಇಪ್ಪತ್ತೆರಡು ಸಾರ್. ಎಲ್ರೂ ಐದಕ್ಕೆ ಮುಂಚೆ ಹೆಸರು ಕೊಟ್ಟಿದಾರೆ.”

ಡೆಮಾರ್ಕಸ್ ಹೆಸರುಗಳಿಗೆ ಬಂದ. ಮೊದಲನೆಯದು ಅವನ ಮುತ್ತಾತನ ತಮ್ಮನದು. ಹುಡುಗನ ದನಿ ನಡುಗಿ ತಗ್ಗಿತು.

“ಗಟ್ಟಿಯಾಗಿ ಓದು ಡೆಮಾರ್ಕಸ್,” ಎಂದಳು ವರ್ಲೀನ್ ಹಿಂದಿನಿಂದ. “ಮುಂದೆ ಕೂತಿರೋರ್ಗೂ ಕೇಳ್ಬೇಕು.”