ಬಲಗಣ್ಣಿಗೊಂದು ಹಂದಿ

"ಎದ್ದು ನಿಲ್ಲೇ ಮುಂಡೆ, ದೇವರು ಉಳಿಸಿದ ಕಣ್ಣು ಎಲ್ಲಾರ್ಗೂ ತೋರ್ಸು" ಎಂದು ಪಾಸ್ಟರ್ ಸಿಮೆಕೆ ಪ್ರಾರ್ಥನೆಯ ನಡುವೆಯೇ ಗದರಿದ.

ನೋಲಿನ್ ಏಳಲಿಲ್ಲ. ಗೊರೋಕಾ ಪಟ್ಟಣದ ಕಡೆಯ ಆ ಕಾಫಿ ತೋಟದಲ್ಲಿ ಹಣ್ಣು ಬಿಡಿಸುವ ಅವಳಿಗೆ ಎಚ್‌ಐವಿ ಎಂದು ಗೊತ್ತಾದಂದಿನಿಂದ ಮುಂಡೆ ಎಂಬುದೇ ಹೆಸರಾಗಿತ್ತು. ನಂಬಿಕೆಯಿದ್ದವರಿಗೆ ಮಾತ್ರೆ ಯಾಕೆ ಎಂದು ಅವಳ ಮಾತ್ರೆಗಳನ್ನು ಕಕ್ಕಸು ಗುಂಡಿಗೆ ಸುರಿಸಿದವನು ಇದೇ ಪಾಸ್ಟರ್. ಮೈಯ ಕಸುವು ಇಳಿಯಿತು. ಬಲಗಣ್ಣಿನ ಮುಂದೆ ನೊಣ ಹಾರಾಡಿದಂತಾಗಿ, ಆಮೇಲೆ ಕತ್ತಲೆ ಕವಿಯಿತು. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದ ಪಾಸ್ಟರ್. ಪರೀಕ್ಷೆಯಲ್ಲಿ ಕಣ್ಣು ಫೇಲಾಯಿತು.

ಪಟ್ಟಣದ ಆಸ್ಪತ್ರೆಯ ನರ್ಸಮ್ಮ ಬೈದುಕೊಂಡೇ ತಿಳಿಸಿ ಹೇಳಿದಳು. ಮೈಯ ಕಸುವು ಇಳಿದದ್ದೇ ಸಮಯವೆಂದು ಇನ್ನೊಂದು ವೈರಸ್ಸು ನುಗ್ಗಿ ಬಲಗಣ್ಣಿನ ಒಳಪರದೆಯನ್ನು ತಿಂದು ಮುಗಿಸಿದೆ, ಎಡಗಣ್ಣಿಗೂ ಬಾಯಿ ಹಾಕಿದೆ. ವಾರಕ್ಕೊಂದು ಸೂಜಿ, ಅದೂ ಕಣ್ಣಿನೊಳಕ್ಕೇ. ಜೊತೆಗೆ ಮಾತ್ರೆ ಮತ್ತೆ ಶುರು. ತಪ್ಪಿಸಿದರೆ ಉಳಿದದ್ದೂ ಹೋದೀತು. ಮೊದಲ ಸೂಜಿಗೆ ನೋಲಿನ್ ಡಾಕ್ಟರನ ಮುತ್ತಜ್ಜಿಯವರೆಗೂ ಬೈದಳು. ಆದರೆ ಎಡಗಣ್ಣು ನಿಂತಿತು.

ಪಟ್ಟಣಕ್ಕೆ ಹೋಗಲು ಊರಿಗೆಲ್ಲ ಇದ್ದದ್ದು ಚರ್ಚಿನ ಗಾಡಿಯೊಂದೇ. ಕಣ್ಣು ಪ್ರಾರ್ಥನೆಯಿಂದ ಉಳಿಯಿತು ಎಂದು ಸಭೆಯಲ್ಲಿ ಸಾಕ್ಷಿ ಹೇಳದಿದ್ದರೆ ನಾಳೆ ಸೂಜಿಗೆ ಗಾಡಿ ಹತ್ತಬೇಡ ಎಂದು ಪಾಸ್ಟರ್ ಮೊದಲೇ ಹೇಳಿಟ್ಟಿದ್ದ.

ಕೊನೆಗೂ ಎದ್ದಳು.

"ಹೇಳ್ತೀನಿ ಕೇಳಿ. ಎಡಗಣ್ಣು ಉಳ್ಸಿದ್ದು ಸೂಜಿ. ಬಲಗಣ್ಣು ಕಳ್ದಿದ್ದು ಈ ಪಾಸ್ಟರಪ್ಪ. ಹೋದ್ವರ್ಷ ನಮ್ಮ ಕುಲದೋನು ಇವನ ತಮ್ಮನ ಹಲ್ಲು ಉದುರಿಸ್ದಾಗ ಪರಿಹಾರ ಅಂತ ಇವ್ನು ನಮ್ಮ ಹಂದಿ ಕಿತ್ಕೊಂಡ್ನಲ್ಲ, ಹಲ್ಲಿಗೆ ಹಂದಿ ಆದ್ರೆ ಕಣ್ಣಿಗೇನು?"

ಹಿಂದಿನ ಬೆಂಚಿನ ಮುದುಕಿಯೊಬ್ಬಳು, "ನ್ಯಾಯ ಸರಿಯಾಗೈತೆ" ಎಂದಳು. ಬೈಬಲ್ಲಿನ ಕಟ್ಟಳೆ ಬೇಕಾದರೆ ಮರೆತಾರು, ಹಂದಿಯ ಕಟ್ಟಳೆಯನ್ನು ಆ ಕಣಿವೆಯಲ್ಲಿ ಯಾರೂ ಮರೆಯುವುದಿಲ್ಲ.

ನೋಲಿನ್ ಹೊರಗೆ ಹೋಗಿ ಪಕ್ಕದ ಪಾಸ್ಟರನ ಅಂಗಳದಲ್ಲಿ ಕಟ್ಟಿದ್ದ ಹಂದಿಯ ಹಗ್ಗ ಬಿಚ್ಚಿದಳು. ಹಲ್ಲಿಗೆ ಹೋದ ಅದೇ ಹಂದಿ, ಪಾಸ್ಟರನ ಮನೆಯ ಗೆಣಸು ತಿಂದು ಕೊಬ್ಬಿತ್ತು. ಬಲಗಡೆಯ ಕಂಬ ಕಾಣದೆ ಭುಜಕ್ಕೆ ಬಡಿಯಿತು. ಕಂಬಕ್ಕೊಂದು ಒದ್ದು ಮುಂದೆ ನಡೆದಳು. ಅವಳು ಎಳೆದಳು, ಮುದುಕಿ ಹಿಂದಿನಿಂದ ನೂಕಿದಳು. ಹಂದಿ ಗಾಡಿಯ ಮುಂದಿನ ಸೀಟು ಹತ್ತಿತು. ಪಕ್ಕದಲ್ಲಿ ತಾನೂ ಕೂತು ಬಾಗಿಲು ಹಾಕಿಕೊಂಡಳು.

"ಇಳಿಯೇ ಬೋಸುಡಿ, ಅದು ದೇವರ ಗಾಡಿ" ಎಂದು ಪಾಸ್ಟರ್ ಓಡಿ ಬಂದ.

"ಬಲಗಣ್ಣಿಗೆ ಹಂದಿ ಆಯ್ತು. ಎಡಗಣ್ಣಿಗೆ ಗಾಡಿ. ನಾಳೆ ಸೂಜಿ ಐತೆ, ಅಲ್ಲೀವರ್ಗೂ ನಾವಿಬ್ರೂ ಇಳಿಯಲ್ಲ."

ಪಾಸ್ಟರ್ ಕೂರುವ ಸೀಟಿನ ಮೇಲೆ ಹಂದಿ ಸಾವಕಾಶವಾಗಿ ಉಚ್ಚೆ ಹೊಯ್ಯಿತು.