ಸಂತಪುರ ಸ್ಟೇಷನ್ನಿನ ಮುತ್ತಲ ಗಿಡ

ಸಂತಪುರಕ್ಕೆ ರೈಲು ಇಲ್ಲ. ಆದರೂ ಆ ಊರಿನ ಮಗಳು ಕೇಶರಬಾಯಿ ರೈಲ್ವೆಯವನನ್ನೇ ಕಟ್ಟಿಕೊಂಡಳು. ಬೀದರ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಕಾಶೀರಾಮ ಮದುವೆಯಾದ ಹೊಸತರಲ್ಲಿ ಅತ್ತೆಮನೆಗೆ ಬಂದಿಳಿದಾಗ, ಬಸ್ ಸ್ಟ್ಯಾಂಡಿನ ಕಿರಾಣಿ ಅಂಗಡಿಯ ಓಂಪ್ರಕಾಶ ಕೂತಲ್ಲಿಂದಲೇ ಕೂಗಿದ್ದ: "ಏನ್ರಿ ಮಾಮಾ, ರೈಲಿನ ಅಳಿಯಂದ್ರು ಬಸ್ಸಿನಾಗ ಬಂದೀರಲ್ಲ!"

ಊರು ನಕ್ಕಿತು. ನಕ್ಕು ಮರೆಯಬೇಕಲ್ಲ? ಮರೆಯಲಿಲ್ಲ. ಕಾಶೀರಾಮನ ತಲೆ ನರೆತು ನೌಕರಿಯಿಂದ ನಿವೃತ್ತಿಯಾದರೂ ಆ ಮಾತಿಗೆ ಮಾತ್ರ ನಿವೃತ್ತಿ ಸಿಗಲಿಲ್ಲ. ಅವನೇನೋ ನಕ್ಕು ಸುಮ್ಮನಾಗುತ್ತಿದ್ದ. ಕೇಶರಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ತವರಿನವರೇ ಗಂಡನನ್ನು ಆಡಿಕೊಂಡರೆ ಯಾವ ಹೆಣ್ಣಿಗೆ ಚೆಂದ?

ನಿವೃತ್ತಿಯ ಮೇಲೆ ಕಾಶೀರಾಮ ಬೀದರಿನ ಮನೆಯ ಪಡಸಾಲೆಯಲ್ಲಿ ಆಟದ ರೈಲು ಕಟ್ಟಲು ಕೂತ. ಆಟದ್ದು ಎಂದರೆ ಅವನಿಗೆ ಸಿಟ್ಟು, ಮಾಡೆಲ್ ಎನ್ನಬೇಕು. ದೊಡ್ಡ ಹಲಗೆಯ ಮೇಲೆ ಬೆರಳಗಲದ ಹಳಿ, ಒಂದು ಕಡೆ ಬೀದರ ಸ್ಟೇಷನ್ನು, ಇನ್ನೊಂದು ಕಡೆ ಭಾಲ್ಕಿ. ಆಮೇಲೆ ಬೀದರಿನಿಂದ ಬೇರೊಂದು ಹಳಿ ಹೊರಟು ಹಲಗೆಯ ಖಾಲಿ ಮೂಲೆಗೆ ಹೋಗಿ ನಿಂತಿತು. ಅಲ್ಲಿಗೆಂದು ಅವನು ಒಂದು ಪುಟ್ಟ ಹಳದಿ ಬೋರ್ಡು ಬರೆದ: ಸಂತಪುರ.

"ನಿಮ್ಮೂರ ಸಾಲ್ಯಾಗ ಯುಗಾದಿ ಮುಂದ ಪ್ರದರ್ಶನ ಅದಂತ. ಒಯ್ಯೋಣೇನು?" ಅಂದ.

ಕೇಶರಬಾಯಿಯ ಎದೆ ಉಬ್ಬಿತು. ಮರುಕ್ಷಣವೇ ಝಲ್ಲೆಂದಿತು. ಬೀದರ, ಭಾಲ್ಕಿಗಳನ್ನು ಕಟ್ಟಡ ನೋಡಿಯೇ ಗುರುತಿಸಬಹುದು. ಸಂತಪುರದಲ್ಲಿ ಸ್ಟೇಷನ್ನೇ ಇಲ್ಲ. ಊರಿನವರಿಗೆ ಊರು ಕಾಣಬೇಕಾದರೆ ನೆಲದಿಂದ, ಗಿಡಗಳಿಂದಲೇ ಕಾಣಬೇಕು. ಕಾಣದಿದ್ದರೆ ಓಂಪ್ರಕಾಶನ ಬಾಯಿಗೆ ಇನ್ನೊಂದು ತುತ್ತು ಹಾಕಿದಂತೆ.

"ನೆಲಾ, ಗಿಡಾ ನನಗ ಬಿಡ್ರಿ," ಅಂದಳು.

ಮಗ ಅಶ್ವಜಿತ ಉತ್ಸಾಹದಿಂದ ವಸಂತದ್ದೆಂದು ಒಂದು ಪೊಟ್ಟಣ ತರಿಸಿಕೊಟ್ಟ. ಒಳಗೆ ಹಚ್ಚಹಸಿರು ಹುಲ್ಲು, ಗುಲಾಬಿ ಬಣ್ಣದ ಹೂವಿನ ಗಿಡಗಳು.

"ಇದು ಯಾವೂರ ವಸಂತೋ?"

"ವಸಂತ ಅಂದ್ರ ಹಸರ ಇರಬೇಕಲ್ಲವ್ವಾ."

"ಹಸರ ಬೇಕಂದ್ರ ಶ್ರಾವಣದಾಗ ಬಾ. ಈಗ ನಮ್ಮೂರಾಗ ಹೊಲ ಎಲ್ಲಾ ಬೋಳು. ಎಲಿ ಉದುರಿಸಿ ಕೆಂಪ ಹೂ ಬಿಟ್ಟ ಮುತ್ತಲ ಗಿಡಕ್ಕಷ್ಟೇ ಮದುವಿ."

ಕೆಂಪು ಮಣ್ಣನ್ನು ಹಿಟ್ಟಿನ ಹಾಗೆ ಸೋಸಿ ಅಂಟಿನ ಮೇಲೆ ಉದುರಿಸಿದಳು. ಕಸಬರಿಗೆಯ ಕಡ್ಡಿ ಕತ್ತರಿಸಿ ಕೊಯ್ದ ಜೋಳದ ಕೂಳೆಗಳನ್ನು ಸಾಲುಸಾಲಾಗಿ ನೆಟ್ಟಳು. ಮಾವಿನ ಹೂವಿಗೆ ಜೋಳದ ಹೊಟ್ಟು. ಕೆಟ್ಟ ಫ್ಯಾನಿನ ತಾಮ್ರದ ತಂತಿ ಹೊಸೆದು ಎಲೆಯಿಲ್ಲದ ಮೂರು ಮುತ್ತಲ ಗಿಡ ಮಾಡಿದಳು. ಇನ್ನು ಹೂವು. ಮುತ್ತಲ ಹೂವಿನ ಬಣ್ಣ ಮುತ್ತಲ ಹೂವಿನಿಂದಲೇ ಬರಬೇಕು ತಾನೆ? ಹೋಳಿ ಹಬ್ಬದ ಬಣ್ಣಕ್ಕೆಂದು ಚಿಕ್ಕಂದಿನಿಂದ ಆ ಹೂ ಕುದಿಸಿದ ಕೈ ಅದು. ಕುದಿಸಿ, ಕಟ್ಟಿಗೆಯ ಪುಡಿ ಅದ್ದಿ, ಬಿಸಿಲಿಗಿಟ್ಟಳು. ಒಲೆಯ ಮೇಲೆ ಕೆಂಡದಂತಿದ್ದದ್ದು ಒಣಗಿ ಅರಿಶಿನವಾಯಿತು. ಹೋಳಿಯ ಮರುದಿನ ಎಲ್ಲರ ಅಂಗಿ ಹಳದಿಯಾಗಿರುತ್ತಿದ್ದದ್ದು ಆಗ ನೆನಪಾಯಿತು, ಕೆಲಸ ಕೆಟ್ಟ ಮೇಲೆ.

"ಮುತ್ತಲಕ್ಕ ಕಾಮಾಲಿ ಆಗ್ಯಾದಲ್ಲ!" ಕಾಶೀರಾಮ ನಕ್ಕ. ನಕ್ಕವನು ತನ್ನ ಹಳೆಯ ಕುಚೋದ್ಯವನ್ನೂ ಬಿಡಲಿಲ್ಲ. "ಹೆಸರು ಕೇಶರ, ಕೈಗುಣ ಕುಸುಬಿ."

ಕೇಶರ ಅಂದರೆ ಕೇಸರಿ. ಬಡವರ ಕೇಸರಿ ಅಂದರೆ ಕುಸುಬಿ, ಅದೂ ಮೈತುಂಬ ಮುಳ್ಳು. ಬೇರೆ ದಿನವಾಗಿದ್ದರೆ ಅವಳು ಲಟ್ಟಣಿಗೆ ಎತ್ತುತ್ತಿದ್ದಳು. ಇಂದು ಗಂಡನ ಮುಖವನ್ನೇ ನೋಡುತ್ತ ನಿಂತಳು. ಕೆಂಪು ಮುತ್ತಲ ಒಣಗಿದರೆ ಹಳದಿ. ಹಳದಿ ಕುಸುಬಿ ಒಣಗಿದರೆ ಕೆಂಡ!

ಮರುದಿನವೇ ಬಸ್ಸು ಹತ್ತಿ ಭಾಲ್ಕಿ ದಾಟಿ ಭಾತಂಬ್ರಾಕ್ಕೆ ಹೋದಳು. ಮೈದುನನ ಹೊಲದಲ್ಲಿ ಕುಸುಬಿ ಕೊಯ್ಲಿಗೆ ಬಂದಿತ್ತು. ಒಣಗಿ ಕೆಂಪೇರಿದ ಎಸಳುಗಳನ್ನು ಬಿಡಿಸುವಾಗ ಬೆರಳಿಗೆಲ್ಲ ಮುಳ್ಳು ಚುಚ್ಚಿದವು. ಆ ಎಸಳುಗಳನ್ನು ಚಿಮಟದಲ್ಲಿ ಹಿಡಿದು ತಂತಿಯ ಕೊಂಬೆಗೆ ಅಂಟಿಸಿದಳು. ಬರಿಯ ಕೊಂಬೆಗೆ ಬೆಂಕಿ ಹತ್ತಿತು. ಕಾಶೀರಾಮ ಬಂದು ನೋಡಿದ. ಅವನ ನಾಲಿಗೆಯಲ್ಲಿ ಆ ದಿನ ಕುಸುಬಿಯ ಸುದ್ದಿ ಬರಲಿಲ್ಲ.

ಪ್ರದರ್ಶನದ ದಿನ ಹಲಗೆಯನ್ನು ಟೆಂಪೋದಲ್ಲಿ ಸಂತಪುರದ ಶಾಲೆಗೆ ತಂದಿಳಿಸಿದರು. ಕಾಶೀರಾಮ ಹಳದಿ ಬೋರ್ಡು ನೆಡಲು ಬಗ್ಗಿದ. ಕೇಶರಬಾಯಿ ಅದನ್ನು ಕಸಿದುಕೊಂಡು ಸೆರಗಿನಲ್ಲಿ ಗಂಟು ಹಾಕಿದಳು.

"ಯಾವೂರಂತ ನೆಲಾನೇ ಹೇಳಲಿ."

"ಹೇಳಲಿಲ್ಲಂದ್ರ?"

"ಹೇಳಲಿಲ್ಲಂದ್ರ ನಾ ಇನ್ನ ಈ ಊರಾಗ ಬಾಯಿ ತೆಗ್ಯಂಗಿಲ್ಲ."

ಜನ ಬಂದರು, ಇಂಜಿನ್ ನೋಡಿ ಬಾಯಿ ಬಿಟ್ಟರು, ಹೋದರು. ಯಾರೂ ಊರಿನ ಹೆಸರು ಎತ್ತಲಿಲ್ಲ. ಅವಳು ಸೆರಗಿನ ಗಂಟನ್ನು ಇನ್ನಷ್ಟು ಬಿಗಿದಳು. ಅಷ್ಟರಲ್ಲಿ ಓಂಪ್ರಕಾಶ ಬಂದ. ಬೀದರ ನೋಡಿದ, ಭಾಲ್ಕಿ ನೋಡಿದ, ನಗಲು ಅಣಿಯಾಗಿಯೇ ಮೂಲೆಗೆ ಬಂದ. ಬಂದವನು ಬಗ್ಗಿದ. ಕನ್ನಡಕ ಸರಿಮಾಡಿಕೊಂಡ.

"ಕೇಶರಕ್ಕಾ, ಇವು ಕೆರಿ ಹಾದಿ ಬದುವಿನ ಮುತ್ತಲ ಗಿಡ ಅಲ್ಲೇನು? ನಡುವಿಂದು ವಾಲ್ಯಾದ ನೋಡು. ಅದರ ಬುಡಕ್ಕೇ ನಾವು ಹೋಳಿ ಹೂ ಆರಸ್ತಿದ್ದೆವು..." ಅವನ ದನಿ ಇಳಿಯಿತು. "ಇದು ನಮ್ಮೂರು. ನಮ್ಮೂರಿಗಿ ರೈಲು ಯಾವಾಗ ಬಂತು?"

ಕೇಶರಬಾಯಿ ಸೆರಗಿನ ಗಂಟು ಬಿಚ್ಚಿದಳು.

"ಈಗ ಬಂತು. ಬೋರ್ಡು ನೀನೇ ನೆಡಪ್ಪಾ."

ಓಂಪ್ರಕಾಶ ಎರಡು ಬೆರಳಲ್ಲಿ ಬೋರ್ಡು ನೆಟ್ಟ. ಕಾಶೀರಾಮ ಗುಂಡಿ ಒತ್ತಿದ. ರೈಲು ಬೀದರ ಬಿಟ್ಟು, ಕೂಳೆಯ ಹೊಲ ಹಾಯ್ದು, ಮುತ್ತಲ ಗಿಡದ ಕೆಳಗೆ ಬಂದು ನಿಂತಿತು. ಆ ಹೂವು ಹ್ಯಾಂಗ ಮಾಡಿದ್ರಿ ಎಂದು ಯಾರೋ ಕೇಳಿದರು.

"ಕುಸುಬಿರಿ," ಕಾಶೀರಾಮ ಇಡೀ ಶಾಲೆಗೆ ಕೇಳುವಂತೆ ಅಂದ. "ನನ್ನ ಕೇಶರ ಮಾಡ್ಯಾಳ."

ಹಲಗೆಯನ್ನು ಮಕ್ಕಳಿಗಾಗಿ ಯುಗಾದಿಯವರೆಗೆ ಶಾಲೆಯಲ್ಲೇ ಇಟ್ಟುಕೊಂಡರು. ಸಂಜೆ ಗಂಡ ಹೆಂಡತಿ ಬೀದರ ಬಸ್ಸು ಹತ್ತಿದಾಗ ಓಂಪ್ರಕಾಶ ಅಂಗಡಿ ಬಿಟ್ಟು ಕಿಟಕಿಯ ತನಕ ಓಡಿ ಬಂದ.

"ಏನ್ರಿ ಮಾಮಾ, ರೈಲು ನಮ್ಮೂರಾಗ ಬಿಟ್ಟು ನೀವು ಬಸ್ಸಿನಾಗ ಹೊಂಟೀರಲ್ಲ!"

ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕೇಶರಬಾಯಿ.