ಮೀನಾಕ್ಷಿಗೆ ಒಂದು ನಿಮಿಷದ ಮೌನ

ಭಾಗ್ಯಶ್ರೀ ಮತ್ತಿಕೆರೆಯ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಸಹಕಾರನಗರದ ಅವಳ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಅಜ್ಜನ ಕಥೆಯೂ ಸಿಗುತ್ತಿತ್ತು. ಅಜ್ಜ ವೀರಬಸಪ್ಪ ಗದಗಿನವರು, ಸ್ವಂತ ನಾಟಕ ಕಂಪನಿ ನಡೆಸಿದವರು. ಅವರು ಬರೆದ ‘ನಾಗಲತೆ ಕಲ್ಯಾಣ’ ಎಂಬ ಸಂಗೀತ ನಾಟಕ ಉತ್ತರ ಕರ್ನಾಟಕದಲ್ಲಿ ಹದಿನೈದು ವರ್ಷ ಓಡಿತ್ತು. ಅಪ್ಪ ತೀರಿಕೊಂಡ ಮೇಲೆ ಆ ನಾಟಕದ ಹಕ್ಕು ಭಾಗ್ಯಶ್ರೀಗೆ ಬಂದಿತ್ತು. ಆದರೆ ಅದನ್ನು ಆಡುತ್ತೇವೆಂದು ಕೇಳಿಕೊಂಡು ಬಂದವರು ಮಾತ್ರ ಯಾರೂ ಇರಲಿಲ್ಲ.

ಹೋದ ವರ್ಷ ನರೇಂದ್ರ ಎಂಬ ನಿರ್ದೇಶಕ ಬಂದ. ಯಲಹಂಕದ ಬಿಲ್ಡರ್ ಸುಬ್ರಮಣಿ, ತನ್ನ ಹಿರಿಯರು ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಆರುನೂರು ಸೀಟಿನ ರಂಗಮಂದಿರ ಕಟ್ಟಿಸಿದ್ದ. ಅದರ ಉದ್ಘಾಟನೆಗೆ ಹಳೆಯ ಕಾಲದ ಭಾರಿ ನಾಟಕವೊಂದು ಬೇಕಾಗಿತ್ತು. ಭಾಗ್ಯಶ್ರೀ ಆರು ಪ್ರಯೋಗಗಳಿಗೆ ಅನುಮತಿ ಪತ್ರ ಬರೆದುಕೊಟ್ಟಳು. ಸ್ಮರಣ ಸಂಚಿಕೆಗೆ ನಾಟಕದ ಇತಿಹಾಸವನ್ನೂ ಅವಳೇ ಬರೆಯಬೇಕೆಂದು ನರೇಂದ್ರ ಕೇಳಿದಾಗ ಆ ವಾರವಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ.

ಬರೆಯಲು ಕೂತಾಗ ತನಗೆ ಗೊತ್ತಿರುವುದು ಎಷ್ಟು ಕಡಿಮೆ ಎಂಬುದು ತಿಳಿಯಿತು. ನಾಟಕ ಗದಗಿನಲ್ಲಿ ರಂಗಕ್ಕೆ ಬಂದದ್ದು 1966ರಲ್ಲಿ, ಹತ್ತು ಆಟಕ್ಕೇ ಬಿದ್ದುಹೋಗಿತ್ತು. ಮರುವರ್ಷ ದಾವಣಗೆರೆಯ ಕ್ಯಾಂಪಿನಲ್ಲಿ ಅದೇ ನಾಟಕ ಇನ್ನೂರ ಹದಿನಾಲ್ಕು ಆಟ ಕಂಡಿತ್ತು. ನಡುವೆ ಏನಾಯಿತು ಎನ್ನುವುದಕ್ಕೆ ಮನೆಯಲ್ಲಿದ್ದ ಕಾಗದಗಳಲ್ಲಿ ಉತ್ತರವಿರಲಿಲ್ಲ. ಕರಪತ್ರಗಳಲ್ಲಿ ಮಾತ್ರ ಆ ವರ್ಷದಿಂದ ‘ನಾಗಲತೆಯಾಗಿ ಕುಮಾರಿ ಮೀನಾಕ್ಷಿ’ ಎಂಬ ಸಾಲು ಇತ್ತು. ಯಶವಂತಪುರದಲ್ಲಿದ್ದ ಕಂಪನಿಯ ಹಳೆಯ ತಬಲಾದವರೊಬ್ಬರು ಆ ಹೆಸರು ಕೇಳಿ ನಕ್ಕರು. ಮೀನಾಕ್ಷಿ ಅಂತ ಯಾರೂ ಇರಲಿಲ್ಲ, ಅವಳು ಮೆಹಬೂಬ್ ಬೀ, ಆರ್.ಟಿ. ನಗರದಲ್ಲಿ ಮಸೀದಿಯ ಹಿಂದಿನ ಟೈಲರ್ ಅಂಗಡಿಯಲ್ಲಿ ವಿಚಾರಿಸಿ ಎಂದರು.

ಟೈಲರ್ ಅಂಗಡಿಯ ಮೇಲಿನ ಮನೆಯಲ್ಲಿ ಮೆಹಬೂಬ್ ಬೀ ಸಿಕ್ಕರು. ಎಂಬತ್ತು ವರ್ಷ, ಮಂಡಿ ನೋವು, ಕಿವಿ ಮಾತ್ರ ಚುರುಕು. ವೀರಬಸಪ್ಪನವರ ಮೊಮ್ಮಗಳು ಎಂದು ಹೇಳಿದಾಗ ಒಂದು ಕ್ಷಣ ಅವಳ ಮುಖವನ್ನೇ ನೋಡಿದರು. ಆಮೇಲೆ ಒಳಗೆ ಕರೆದು ಕೂರಿಸಿಕೊಂಡರು. ಮುಂದಿನ ಒಂದು ತಿಂಗಳು ಭಾಗ್ಯಶ್ರೀ ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದಳು.

ನಾಟಕ ಉಳಿದದ್ದು ಹೇಗೆ ಎಂಬುದು ಆಗ ತಿಳಿಯಿತು. ಮೂರನೆಯ ಅಂಕದಲ್ಲಿ ವೇಷ ಮರೆಸಿಕೊಂಡ ನಾಗಲತೆ ಬಾವಿಯಿಂದ ನೀರು ಸೇದುತ್ತ ಹಾಡುತ್ತಾಳೆ. ಅಜ್ಜ ಅದಕ್ಕೆ ಹನ್ನೆರಡು ನುಡಿ ಬರೆದಿದ್ದರು. ಗದಗಿನಲ್ಲಿ ನಾಲ್ಕನೆಯ ನುಡಿಗೇ ಜನ ಚಹಾಕ್ಕೆ ಎದ್ದು ಹೋಗುತ್ತಿದ್ದರಂತೆ. ಇಪ್ಪತ್ತೆರಡರ ಮೆಹಬೂಬ್ ಬೀ ಕಂಪನಿಗೆ ಬಂದು, ಎಂಟು ನುಡಿ ತೆಗೆಸಿ, ಉಳಿದ ನಾಲ್ಕಕ್ಕೆ ಭೀಮಪಲಾಸ್ ರಾಗದಲ್ಲಿ ಹೊಸ ಧಾಟಿ ಹಾಕಿದರು. ಹಗ್ಗ ಎಳೆಯುವಾಗ ಉಸಿರು ನಿಲ್ಲುವ ಕಡೆಯಲ್ಲೇ ಸ್ವರವನ್ನೂ ನಿಲ್ಲಿಸಿದರು. ದಾವಣಗೆರೆಯಲ್ಲಿ ಜನ ಆ ಒಂದು ಹಾಡಿಗಾಗಿ ಚಕ್ಕಡಿ ಕಟ್ಟಿಕೊಂಡು ಬಂದರು. ಹುಬ್ಬಳ್ಳಿ, ಬಾಗಲಕೋಟೆ, ರಾಯಚೂರು ಮುಗಿಸಿ ಕಂಪನಿ 1974ರಲ್ಲಿ ಯಶವಂತಪುರದಲ್ಲಿ ಟೆಂಟು ಹಾಕಿತು. ಕಥೆ ಅಲ್ಲಿಗೆ ಬಂದಾಗ ಮೆಹಬೂಬ್ ಬೀ ಮಾತು ನಿಲ್ಲಿಸಿಬಿಡುತ್ತಿದ್ದರು. ನಾಟಕ ಬಿಟ್ಟೆ, ಮದುವೆಯಾದೆ, ಗಂಡನ ಜೊತೆ ಬಟ್ಟೆ ಹೊಲಿದೆ ಎಂದಷ್ಟೇ ಹೇಳುತ್ತಿದ್ದರು.

ಭಾಗ್ಯಶ್ರೀ ಇದೆಲ್ಲವನ್ನೂ ಬರೆದುಕೊಟ್ಟಳು. ಮೂರು ವಾರಕ್ಕೆ ಮುದ್ರಣದ ಕರಡು ಬಂತು. ಅದರಲ್ಲಿ ಮೆಹಬೂಬ್ ಬೀ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ‘ದಿವಂಗತ ಕುಮಾರಿ ಮೀನಾಕ್ಷಿಯವರ ಅಮರ ಕಂಠ’ ಎಂದಿತ್ತು. ಕೆಳಗೆ ಲೇಖಕಿಯಾಗಿ ಅವಳದೇ ಹೆಸರು.

ಅವಳು ನರೇಂದ್ರನಿಗೆ ಫೋನ್ ಮಾಡಿದಳು. ಅವನು ಗಾಬರಿಯಾಗಲಿಲ್ಲ. ಮೀನಾಕ್ಷಿ ಸತ್ತ ಸುದ್ದಿ ಆ ಕಾಲದ ಪತ್ರಿಕೆಯಲ್ಲೇ ಬಂದಿದೆ, ತನ್ನ ಬಳಿ ಅದರ ಫೋಟೋ ಇದೆ ಎಂದ.

“ಆ ಅಜ್ಜಿ ಬದುಕಿದ್ದಾರೆ, ನಾನು ನೋಡಿದ್ದೀನಿ, ಮಾತಾಡಿದ್ದೀನಿ,” ಎಂದಳು ಭಾಗ್ಯಶ್ರೀ.

“ಇರ್ಬೋದು ಮೇಡಂ. ಆದ್ರೆ ಹೆಸರು ಬದ್ಲಾಯಿಸಿದ್ರೆ ಸುಬ್ರಮಣಿಯವರ ಗೆಸ್ಟ್‌ಗಳಲ್ಲಿ ಕೆಲವರಿಗೆ ಸರಿ ಹೋಗಲ್ಲ. ಸುಮ್ನೆ ಯಾಕೆ ಕಾಂಟ್ರವರ್ಸಿ? ಮೀನಾಕ್ಷಿ ಅಂದ್ರೆ ಎಲ್ರಿಗೂ ಓಕೆ. ನಿಮ್ಮಜ್ಜನ ನಾಟಕ ಆಡೋದು ಮುಖ್ಯ ಅಲ್ವಾ?”

ಇದು ಸರಿಯಲ್ಲ ಎಂದು ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ಅಜ್ಜನ ಆಳೆತ್ತರದ ಕಟೌಟ್ ಆಗಲೇ ಯಲಹಂಕದ ಸರ್ಕಲ್‌ನಲ್ಲಿ ನಿಂತಿತ್ತು. ಫೋನ್ ಇಟ್ಟ ಮೇಲೆ ಬಾಯಲ್ಲಿ ಹಳಸಿದ್ದೇನನ್ನೋ ತಿಂದಂತಾಗಿ ಹೋಗಿ ಬಾಯಿ ಮುಕ್ಕಳಿಸಿದಳು. ಆ ಶನಿವಾರ ಆರ್.ಟಿ. ನಗರಕ್ಕೆ ಹೋದಾಗಲೂ ವಿಷಯ ತೆಗೆಯಲಿಲ್ಲ. ಪಾಸು ಕೊಟ್ಟು, ಭಾನುವಾರ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಳು.

ಭಾನುವಾರ ಸಂಜೆ ನಾಲ್ಕಕ್ಕೆ ರಂಗಮಂದಿರ ತುಂಬಿತ್ತು. ಹೊಸ ಬಣ್ಣದ ವಾಸನೆ, ಕೊರೆಯುವ ಏಸಿ, ದ್ವಾರದಲ್ಲಿ ಸುಬ್ರಮಣಿಯ ಮುಂದಿನ ಅಪಾರ್ಟ್‌ಮೆಂಟಿನ ಜಾಹೀರಾತು. ಮೆಹಬೂಬ್ ಬೀ ಬಿಳಿ ಸೀರೆಯುಟ್ಟು, ಕೋಲು ಹಿಡಿದು, ಎಂಟನೆಯ ಸಾಲಿನಲ್ಲಿ ಅವಳ ಪಕ್ಕ ಕೂತರು. ಪರದೆ ಏಳುವ ಮೊದಲು ನರೇಂದ್ರ ರಂಗಕ್ಕೆ ಬಂದು ನಾಟಕದ ಹಿರಿಮೆ ಹೇಳಿದ. ಕೊನೆಗೆ ಧ್ವನಿ ತಗ್ಗಿಸಿ, ಈ ಪಾತ್ರಕ್ಕೆ ಜೀವ ತುಂಬಿ ಚಿಕ್ಕ ವಯಸ್ಸಿನಲ್ಲೇ ಅಗಲಿದ ಕುಮಾರಿ ಮೀನಾಕ್ಷಿಯವರಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕೆಂದು ಕೋರಿದ.

ಹೀಗೊಂದು ಇರುತ್ತದೆಂದು ಭಾಗ್ಯಶ್ರೀಗೆ ಗೊತ್ತಿರಲಿಲ್ಲ. ಆರುನೂರು ಜನ ಎದ್ದರು. ಕೂತವಳು ಅವಳೊಬ್ಬಳೇ. ಪಕ್ಕದಲ್ಲಿ ಮೆಹಬೂಬ್ ಬೀ ಕೋಲೂರಿ, ಮಂಡಿ ನೋವಿಗೆ ತುಟಿ ಕಚ್ಚಿ, ನಿಧಾನಕ್ಕೆ ಎದ್ದು ನಿಂತರು. ಒಂದು ನಿಮಿಷ ಪೂರ್ತಿ ಹಾಗೇ ನಿಂತರು. ಹಿಂದಿನ ಸಾಲಿನ ಯಾರೋ, ವಯಸ್ಸಾದವರೇ ಎದ್ದಿದ್ದಾರೆ, ನಿಮಗೇನ್ರೀ ಎಂದು ಭಾಗ್ಯಶ್ರೀಯನ್ನು ಗದರಿದರು.

ಅವಳು ನೇರ ರಂಗದ ಹಿಂಬದಿಗೆ ಹೋದಳು. ನರೇಂದ್ರನ ಜೊತೆ ಸುಬ್ರಮಣಿಯೂ ಅಲ್ಲಿದ್ದ. ಆಕೆ ಸಭಾಂಗಣದಲ್ಲೇ ಕೂತಿದ್ದಾರೆ, ಈಗಲೇ ತಿದ್ದಿ ಹೇಳಿ ಎಂದು ಅವಳು ಪಟ್ಟು ಹಿಡಿದಳು. ಸುಬ್ರಮಣಿ ಒಳ್ಳೆಯ ಮನಸ್ಸಿನಿಂದಲೇ ದಾರಿಯೊಂದನ್ನು ಹುಡುಕಿದ.

“ಇಂಗೆ ಮಾಡಾನ. ಇಂಟರ್‌ವಲ್‌ನಾಗೆ ಸ್ಟೇಜಿಗೆ ಕರ್ಸಿ ಶಾಲು ಒದ್ಸಾನ. ಮೀನಾಕ್ಷಿಯವರ ಗೆಳತಿ ಅಂತ ಏಳಾನ. ಅಜ್ಜಿಗೂ ಕುಸಿ, ನಮ್ಗೂ ತೊಂದ್ರೆ ಇಲ್ಲ.”

ಅವನ ಕೈಯಲ್ಲಿ ಆಗಲೇ ಒಂದು ಶಾಲು ಇತ್ತು, ಪ್ಲಾಸ್ಟಿಕ್ ಕವರಿನ ಸಮೇತ.  ಗೆಳತಿ ಎಂದು ಹೇಳುವುದಾದರೆ ಅವರನ್ನು ಕರೆಯಲೇ ಬೇಡಿ ಎಂದು ಹೇಳಿ ಭಾಗ್ಯಶ್ರೀ ತನ್ನ ಸೀಟಿಗೆ ಮರಳಿದಳು.

ಮೆಹಬೂಬ್ ಬೀ ನಾಟಕ ನೋಡುತ್ತಿದ್ದರು. ಎರಡು ಅಂಕ ಅಲುಗಾಡಲಿಲ್ಲ. ಮೂರನೆಯ ಅಂಕದಲ್ಲಿ ಬಾವಿಯ ದೃಶ್ಯ ಬಂತು. ನಾಗಲತೆಯ ಪಾತ್ರದ ಹುಡುಗಿ ಹಗ್ಗ ಹಿಡಿದು ತುಟಿ ಆಡಿಸಿದಳು. ಹಾಡು ಸ್ಪೀಕರಿನಿಂದ ಬಂತು, ಮೊದಲೇ ಧ್ವನಿಮುದ್ರಿಸಿದ್ದು, ಹಿಂದೆ ಡ್ರಮ್ಮು. ಹುಡುಗಿ ಹಗ್ಗ ಎಳೆಯುವುದು ಒಂದು ಕಡೆ, ಹಾಡು ಉಸಿರು ತೆಗೆದುಕೊಳ್ಳುವುದು ಇನ್ನೊಂದು ಕಡೆ. ಮೆಹಬೂಬ್ ಬೀ ಎರಡನೆಯ ನುಡಿಯವರೆಗೆ ಕೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ನಡಿಯವಾ, ಸಾಕು ಎಂದರು.

ಹೆಬ್ಬಾಳದ ಫ್ಲೈಓವರಿನ ಕೆಳಗೆ ಆಟೋ ಟ್ರಾಫಿಕ್ಕಿನಲ್ಲಿ ನಿಂತಾಗ ಭಾಗ್ಯಶ್ರೀ ಕ್ಷಮೆ ಕೇಳಿದಳು. ಕರಡು ನೋಡಿಯೂ ಸುಮ್ಮನಿದ್ದೆ ಎಂದು ಒಪ್ಪಿಕೊಂಡಳು. ಪತ್ರಿಕೆಯಲ್ಲಿ ಸಾವಿನ ಸುದ್ದಿ ಬಂದದ್ದು ನಿಜವೇ ಎಂದೂ ಕೇಳಿದಳು.

“ನಿಜ. ಕೊಟ್ಟಾವ್ರು ನಿಮ್ಮಜ್ಜ,” ಎಂದರು ಮೆಹಬೂಬ್ ಬೀ.

ಅವರು ಹೇಳಿದ್ದು ಇಷ್ಟು. ಯಶವಂತಪುರದ ಕ್ಯಾಂಪಿನಲ್ಲಿದ್ದಾಗ ಆ ಹಾಡಿನ ಗ್ರಾಮಫೋನ್ ರೆಕಾರ್ಡು ಬರುವುದಿತ್ತು. ಧಾಟಿ ನನ್ನದು, ಕಂಠ ನನ್ನದು, ರೆಕಾರ್ಡಿನ ಮೇಲಾದರೂ ನನ್ನ ಹೆಸರು ಹಾಕಿ ಎಂದು ಅವರು ಕೇಳಿದ್ದರು. ಎಂಟು ವರ್ಷದಲ್ಲಿ ಕೇಳಿದ್ದು ಅದೊಂದೇ. ವೀರಬಸಪ್ಪನವರು ಬೈಯಲಿಲ್ಲ, ಯೋಚಿಸುತ್ತೇನೆ ಎಂದರು. ನಾಲ್ಕನೆಯ ದಿನ ಪತ್ರಿಕೆಯಲ್ಲಿ, ಕುಮಾರಿ ಮೀನಾಕ್ಷಿ ಜ್ವರದಿಂದ ನಿಧನರಾದರು, ಇನ್ನು ಮುಂದೆ ನಾಗಲತೆಯಾಗಿ ಅವರ ತಂಗಿ ಅಭಿನಯಿಸುವರು ಎಂದು ಬಂತು. ಅದೇ ಸಂಜೆ ಟೆಂಟಿನಲ್ಲಿ ಮೌನಾಚರಣೆ.

“ನಾ ಹಿಂದ ಅಡಗಿಮನಿಯೊಳಗ ಟ್ರಂಕು ಕಟ್ಟಾಕತ್ತಿದ್ದೆ. ಅಷ್ಟು ಗದ್ದಲದ ಟೆಂಟು, ಒಮ್ಮಿಂದೊಮ್ಮೆಲೆ ಗಪ್ಪಾತು. ಆ ಮೌನ ನನಗ ಅಂತ ಆಮ್ಯಾಲೆ ತಿಳೀತು. ಬ್ಯಾರೆ ಕಂಪನಿಗೆ ಹೋದ್ರ, ಸತ್ತಾಕಿನ್ನ ಹೆಂಗ ತಗೊಳ್ಳೂಣು ಅಂದ್ರು.”

ಭಾಗ್ಯಶ್ರೀ ಆಟೋದಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡಳು. ಡ್ರೈವರ್ ನೀರಿನ ಬಾಟಲಿ ಕೊಟ್ಟ. ಮೆಹಬೂಬ್ ಬೀ ಅವಳ ಬೆನ್ನು ಸವರಿದರು. ಆ ಕೈ ತನ್ನ ಬೆನ್ನ ಮೇಲಿರುವುದೇ ಅವಳಿಗೆ ಎಲ್ಲಕ್ಕಿಂತ ಸಹಿಸಲು ಕಷ್ಟವಾಯಿತು.

ಮರುದಿನ ಅವಳು ಅನುಮತಿ ಹಿಂದಕ್ಕೆ ಪಡೆದಿದ್ದೇನೆಂದು ಪತ್ರ ಬರೆದು, ಕಾರಣವನ್ನೂ ಸ್ಪಷ್ಟವಾಗಿ ಕಾಣಿಸಿ ನರೇಂದ್ರನಿಗೂ ಸುಬ್ರಮಣಿಗೂ ಕಳಿಸಿದಳು. ಅವರು ವಕೀಲರನ್ನು ಕೇಳುತ್ತೇವೆ ಎಂದರು. ಅವಳು ಫೇಸ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಳು, ಅಜ್ಜ ಕೊಟ್ಟ ಸಾವಿನ ಪ್ರಕಟಣೆಯನ್ನೂ ಬಿಡಲಿಲ್ಲ. ಎರಡೇ ದಿನದಲ್ಲಿ ನರೇಂದ್ರನ ಹೊಸ ಪೋಸ್ಟರ್ ಬಂತು. ‘ಬದುಕಿರುವ ದಂತಕಥೆ ಮೆಹಬೂಬ್ ಬೀ ಆಶೀರ್ವಾದದೊಂದಿಗೆ’ ಎಂದಿತ್ತು; ಆ ಹೆಸರು ಈಗ ಅಜ್ಜನ ಹೆಸರಿಗಿಂತ ದೊಡ್ಡದಾಗಿತ್ತು. ಚಾನೆಲ್ಲಿನವರನ್ನು ಕಟ್ಟಿಕೊಂಡು ಅವನೂ ಸುಬ್ರಮಣಿಯೂ ಹಾರ ಹಿಡಿದು ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದರು. ಮೆಹಬೂಬ್ ಬೀ ಬಾಗಿಲಲ್ಲೇ ನಿಂತು ಒಂದೇ ಮಾತು ಕೇಳಿದರಂತೆ. ಟೇಪು ತೆಗೆದು ಆ ಹುಡುಗಿಯಿಂದಲೇ ಹಾಡಿಸುತ್ತೀರಾ, ನಾನು ಕಲಿಸುತ್ತೇನೆ ಎಂದು. ಟೇಪಿನ ಹಾಡಿಗೆ ಆಗಲೇ ಕುಣಿತ ಕೂಡಿಸಿಯಾಗಿದೆ, ಬದಲಾಯಿಸಲು ಆಗುವುದಿಲ್ಲ ಎಂದ ನರೇಂದ್ರ. ಅವರು ಬಾಗಿಲು ಹಾಕಿಕೊಂಡರು.

ಭಾಗ್ಯಶ್ರೀ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಉಳಿದ ಐದು ಪ್ರಯೋಗ ನಿಂತವು. ನೆಂಟರು ಫೋನ್ ಮಾಡಿ, ಮನೆತನದ ಮಾನವನ್ನು ನೀನೇ ಬೀದಿಗೆ ತಂದೆ ಎಂದರು. ಕಾಲೇಜಿನಲ್ಲಿ ಕೆಲವರು ಮಾತು ಬಿಟ್ಟರು. ರಂಗಮಂದಿರದಲ್ಲಿ ಈಗ ಮದುವೆಯ ಆರತಕ್ಷತೆಗಳು ನಡೆಯುತ್ತವೆ.

ಬೇಸಿಗೆ ರಜೆಯಲ್ಲಿ ಅವಳು ನಾಟಕದ ಇತಿಹಾಸವನ್ನು ಮತ್ತೆ ಮೊದಲಿನಿಂದ ಬರೆದಳು. ಸಣ್ಣ ಪತ್ರಿಕೆಯೊಂದು ಒಪ್ಪಿಕೊಂಡಿತು. ಕಳಿಸುವ ಮುಂಚೆ ಆರ್.ಟಿ. ನಗರಕ್ಕೆ ಹೋಗಿ ಪೂರ್ತಿ ಓದಿ ಹೇಳಿದಳು. ಮೆಹಬೂಬ್ ಬೀ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಬಾಗಲಕೋಟೆಯ ಕ್ಯಾಂಪು ರಾಯಚೂರಿನ ನಂತರ ಎಂದು ಒಂದು ಕಡೆ ತಿದ್ದಿದರು. ಯಲಹಂಕದ ಮೌನಾಚರಣೆ ಬಂದಾಗ ಕೈಯೆತ್ತಿ ತಡೆದರು. ಅಲ್ಲಿ ಭಾಗ್ಯಶ್ರೀ, ‘ಎಲ್ಲವನ್ನೂ ಕ್ಷಮಿಸಿದವರಂತೆ ಅವರು ಎದ್ದು ನಿಂತರು’ ಎಂದು ಬರೆದಿದ್ದಳು.

“ಅದನ್ನ ಹೊಡದ್ಹಾಕು. ಕ್ಷಮಾ ಯಾರು ಮಾಡ್ಯಾರ? ಎಲ್ಲಾರೂ ನಿಂತ್ರು, ನಿನ್ನಂಗ ಕುಂತ್ರ ನನ್ನ ಮ್ಯಾಲೆ ಕಣ್ಣು ಬೀಳ್ತಾವು, ಅದಕ್ಕ ನಿಂತೆ. ನನಗ ಹೇಸಿಗಿ ಆಗಿತ್ತು. ಹೇಸಿಗಿ ಆಗಿತ್ತು ಅಂತನ ಬರಿ.”

ಭಾಗ್ಯಶ್ರೀ ಅಲ್ಲೇ ಪೆನ್ನು ತೆಗೆದು ಸಾಲನ್ನು ಹೊಡೆದುಹಾಕಿ, ಅವರು ಹೇಳಿದ ಹಾಗೆ ಬರೆದಳು. ಮೆಹಬೂಬ್ ಬೀ ಇನ್ನೊಮ್ಮೆ ಓದಿಸಿದರು. ಸರಿಯಾಗಿದೆ ಎಂದು ತಲೆಯಾಡಿಸಿ, ಮುಂದೆ ಓದು ಎಂದರು.